ಸೋಲಾರ್ ಇಷ್ಟು ಅಗ್ಗವಾದ ಮೇಲೆ ಗಾಳಿಯಂತ್ರ ಯಾಕೆ?

ಗದಗ, ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲುಗಟ್ಟಿ ನಿಂತ ಗಾಳಿಯಂತ್ರಗಳನ್ನು ನೋಡಿ ಬಂದವರು ನನ್ನನ್ನು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ: ಸೋಲಾರ್ ಇಷ್ಟು ಅಗ್ಗವಾದ ಮೇಲೆ ಇವಕ್ಕೆ ಭವಿಷ್ಯವಿದೆಯೇ? ಇದೆ ಎಂದೇ ನನ್ನ ಉತ್ತರ. ಅದಕ್ಕೆ ಕಾರಣ ಯೂನಿಟ್ಟಿನ ದರವಲ್ಲ, ವಿದ್ಯುತ್ ಸಿಗುವ ಹೊತ್ತು.

ನಮ್ಮ ದೇಶದಲ್ಲಿ ಗಾಳಿ ಜೋರಾಗುವುದು ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ, ಅಂದರೆ ಬಹುಪಾಲು ಮೋಡ ಕವಿದು ಬಿಸಿಲು ಮಂಕಾಗುವ ಮುಂಗಾರಿನಲ್ಲಿ. ಸೋಲಾರ್ ಪೂರ್ತಿ ನಿಂತುಹೋಗುವ ರಾತ್ರಿಯಲ್ಲೂ ಅದು ಬೀಸುತ್ತದೆ. ಬ್ಯಾಟರಿಗಳು ಮಧ್ಯಾಹ್ನದ ವಿದ್ಯುತ್ತನ್ನು ಸಂಜೆಗೆ ಉಳಿಸಿಕೊಡಬಲ್ಲವು, ಆದರೆ ಮಾರ್ಚಿನ ಬಿಸಿಲನ್ನು ಜುಲೈಗೆ ಉಳಿಸಿಕೊಡಲಾರವು.

ಈ ಉದ್ಯಮವನ್ನು ಕಾಡಿದ್ದು ಗಾಳಿಯ ಕೊರತೆಗಿಂತ ಹೆಚ್ಚಾಗಿ ನೀತಿಯ ಏರುಪೇರು. ಹೂಡಿಕೆಯ ಬಹುಭಾಗವನ್ನು ಮೊದಲ ವರ್ಷವೇ ಸವಕಳಿಯೆಂದು ತೋರಿಸಿ ತೆರಿಗೆ ಉಳಿಸಿಕೊಳ್ಳುವ ಅವಕಾಶವಿದ್ದ ಕಾಲದಲ್ಲಿ, ವಿದ್ಯುತ್ತಿಗಿಂತ ತೆರಿಗೆಯ ಲೆಕ್ಕಕ್ಕೇ ಯಂತ್ರ ನಿಲ್ಲಿಸಿದವರೂ ಇದ್ದರು. 2017ರಲ್ಲಿ, ಕಡಿಮೆ ದರಕ್ಕೆ ವಿದ್ಯುತ್ ಕೊಡಲು ಒಪ್ಪಿದವರಿಗೇ ಯೋಜನೆ ಸಿಗುವ ಹರಾಜು ಪದ್ಧತಿ ಬಂದಿತು. ಫೆಬ್ರವರಿಯಲ್ಲಿ ಯೂನಿಟ್ಟಿಗೆ 3.46 ರೂಪಾಯಿ ಇದ್ದ ದರ ಡಿಸೆಂಬರ್ ಹೊತ್ತಿಗೆ 2.43ಕ್ಕೆ ಇಳಿಯಿತು. 2016–17ರಲ್ಲಿ ಸುಮಾರು 5,500 ಮೆಗಾವ್ಯಾಟ್ ಸೇರಿಸಿದ್ದ ದೇಶ ಮರುವರ್ಷ 2,000ವನ್ನೂ ಮುಟ್ಟಲಿಲ್ಲ. ಅಗ್ಗದ ದರವನ್ನು ಕೊಂಡಾಡಿದವರು ಯಂತ್ರ ತಯಾರಕರ ಖಾಲಿ ಆರ್ಡರ್ ಪುಸ್ತಕವನ್ನೂ ನೋಡಬೇಕಿತ್ತು.

ಈಗ ಚೇತರಿಕೆ ಕಾಣುತ್ತಿದೆ. 2025ರ ಮಾರ್ಚ್ ವೇಳೆಗೆ ಒಟ್ಟು ಸಾಮರ್ಥ್ಯ 50,000 ಮೆಗಾವ್ಯಾಟ್ ದಾಟಿತು; ಆ ತಿಂಗಳಿಗೆ ಮುಗಿದ ಹಣಕಾಸು ವರ್ಷದ ಸೇರ್ಪಡೆಯಲ್ಲಿ ಕರ್ನಾಟಕವೇ ಮುಂದಿತ್ತು. 2030ಕ್ಕೆ ಒಂದು ಲಕ್ಷ ಮೆಗಾವ್ಯಾಟ್ ಮುಟ್ಟಬೇಕೆಂದರೆ ಅಲ್ಲಿಂದ ವರ್ಷಕ್ಕೆ ಸರಾಸರಿ 10,000 ಬೇಕು. ಇದು ಸುಲಭವಲ್ಲ, ಏಕೆಂದರೆ 70 ಮೀಟರಿಗೂ ಉದ್ದದ ಒಂದೊಂದೇ ರೆಕ್ಕೆಯನ್ನು ಹೊತ್ತ ಟ್ರೇಲರ್ ಹಳ್ಳಿಯ ತಿರುವಿಗೆ ಬಂದಾಗ ಕರೆಂಟಿನ ತಂತಿಗಳನ್ನು ಎತ್ತಿಹಿಡಿದು, ಬದಿಯ ಕೊಂಬೆಗಳನ್ನು ಕಡಿದು ದಾರಿ ಮಾಡಬೇಕು. ಇಷ್ಟೆಲ್ಲ ಮಾಡಿ ಯಂತ್ರ ನಿಲ್ಲಿಸಿದರೂ ಪ್ರಸರಣ ಮಾರ್ಗ ಸಿದ್ಧವಾಗದಿದ್ದರೆ ಅದು ಸುಮ್ಮನೆ ನಿಂತಿರುತ್ತದೆ.

ನನ್ನ ಪ್ರಕಾರ ಮೊದಲು ಕೈಹಾಕಬೇಕಾದ್ದು ಹಳೆಯ ಯಂತ್ರಗಳನ್ನು ತೆಗೆದು ಹೊಸವನ್ನು ನಿಲ್ಲಿಸುವ ಕೆಲಸಕ್ಕೆ. ತಮಿಳುನಾಡಿನ ಮುಪ್ಪಂದಲ್‌ನಂತಹ ಅತ್ಯುತ್ತಮ ಗಾಳಿಯ ಜಾಗಗಳನ್ನು 1990ರ ದಶಕದ ಪುಟ್ಟ ಯಂತ್ರಗಳು ಹಿಡಿದುಕೊಂಡಿವೆ. 250 ಕಿಲೋವ್ಯಾಟ್‌ನ 12 ಯಂತ್ರಗಳಷ್ಟು ಸಾಮರ್ಥ್ಯ ಇಂದಿನ ಒಂದೇ ಯಂತ್ರಕ್ಕಿದೆ. ಆದರೆ ಆ ಹನ್ನೆರಡಕ್ಕೂ ಬೇರೆ ಬೇರೆ ಮಾಲೀಕರಿದ್ದರೆ ಅವರನ್ನು ಒಪ್ಪಿಸುವವರು ಯಾರು? ನೀತಿ ಕಾಗದದ ಮೇಲಿದೆ, ಕೆಲಸ ಮಾತ್ರ ನಿಧಾನ.

ಗುಜರಾತ್, ತಮಿಳುನಾಡಿನ ಕಡಲಿನಲ್ಲಿ 1,000 ಮೆಗಾವ್ಯಾಟ್ ಸ್ಥಾಪಿಸುವ ಯೋಜನೆಗೆ ಕೇಂದ್ರವು 2024ರಲ್ಲಿ 7,453 ಕೋಟಿ ರೂಪಾಯಿ ನೆರವು ಒಪ್ಪಿದೆ. 2030ರೊಳಗೆ ಅದರಿಂದ ನಾನು ಹೆಚ್ಚೇನನ್ನೂ ನಿರೀಕ್ಷಿಸುವುದಿಲ್ಲ.