‘540 ಹಿಡ್ಕೊಂಡು ಬಾ’ ಅಂದಿದ್ದೆ

2015ರ ಬೇಸಿಗೆ. ಡಲ್ಲಾಸ್‌ನಲ್ಲಿದ್ದ ದಾವಣಗೆರೆಯ ಗೆಳೆಯ ವೀಕೆಂಡಿಗೆ ಅಮೆರಿಕದ ಅರ್ಕಾನ್ಸಾ ರಾಜ್ಯದಲ್ಲಿರುವ ನಮ್ಮ ಬೆಂಟನ್‌ವಿಲ್‌ಗೆ ಹೊರಟಿದ್ದ. ‘ಐ-40ರಿಂದ 540 ಹಿಡ್ಕೊಂಡು ಬಾ, ಸೀದಾ ನಮ್ಮೂರು’ ಅಂದಿದ್ದೆ. ಇವು ಇಲ್ಲಿನ ಅಂತರರಾಜ್ಯ ಹೆದ್ದಾರಿಗಳ ನಂಬರು; ‘ಐ’ ಅಂದರೆ ಇಂಟರ್‌ಸ್ಟೇಟ್. ಸಂಜೆ ಫೋನು ಬಂತು.

‘ಲೋ, ಯಾವುದೋ ದೊಡ್ಡ ಹೊಳೆ ದಾಟಿಬಿಟ್ಟೆ ಕಣೋ. ನೀನು ಹೇಳಿದ ಗುಡ್ಡ ಎಲ್ಲೋ?’

ಅರ್ಕಾನ್ಸಾ ನದಿ ದಾಟಿ ಫೋರ್ಟ್ ಸ್ಮಿತ್ ಊರೊಳಗೆ ದಕ್ಷಿಣಕ್ಕೆ ಹೋಗುತ್ತಿದ್ದ. ನಾವಿರೋದು ಉತ್ತರಕ್ಕೆ! ಜಿಪಿಎಸ್ 49 ಅಂತ ಬಡಕೊಳ್ಳುತ್ತಿತ್ತಂತೆ. ಪಾಪ, ನನ್ನ ಮಾತು ನಂಬಿದ್ದ.

ತಪ್ಪು ನನ್ನದೇ. ನಾವು ಇಲ್ಲಿಗೆ ಬಂದಾಗ ಈ ರಸ್ತೆ 540 ಆಗಿತ್ತು. 2014ರಲ್ಲಿ ಆಲ್ಮಾ ಊರಿನಿಂದ ಬೆಂಟನ್‌ವಿಲ್‌ವರೆಗಿನ ಭಾಗಕ್ಕೆ ಐ-49 ಅಂತ ಹೆಸರು ಬದಲಾಯಿತು. ಫೋರ್ಟ್ ಸ್ಮಿತ್ ಕಡೆಯ ತುಂಡು ಮಾತ್ರ 540 ಆಗಿಯೇ ಉಳಿಯಿತು. ಡಲ್ಲಾಸ್ ಕಡೆಯಿಂದ ಬರುವವರಿಗೆ ಮೊದಲು ಸಿಗೋದೂ ಅದೇ. ಬೋರ್ಡು ಬದಲಾದರೂ ನಮ್ಮ ಬಾಯಿ ಬದಲಾಗಿರಲಿಲ್ಲ.

ದಾವಣಗೆರೆಯವನಿಗೆ ಇದನ್ನ ಜಾಸ್ತಿ ಬಿಡಿಸಿ ಹೇಳಬೇಕಾಗಲಿಲ್ಲ. ಅವನೂರಿನ ಎನ್‌ಎಚ್ 4 ಈಗ 48 ಅಲ್ವಾ? ಅವನ ಬಾಯಲ್ಲಿ ಇವತ್ತಿಗೂ ಎನ್‌ಎಚ್ ಫೋರೇ. ಇನ್ನೊಂದು ತಮಾಷೆ: ನಮ್ಮಲ್ಲಿ ಉತ್ತರ–ದಕ್ಷಿಣದ ಹೆದ್ದಾರಿಗೆ ಸಮಸಂಖ್ಯೆ, ಇಲ್ಲಿ ಬೆಸಸಂಖ್ಯೆ. ಎಲ್ಲಾ ಉಲ್ಟಾ.

ಅವನು ಕೇಳಿದ ಗುಡ್ಡ ಬಾಸ್ಟನ್ ಮೌಂಟನ್ಸ್. ಮೊದಲು ಅದನ್ನು ಹತ್ತಿಳಿಯಲು ಇದ್ದದ್ದು ಯುಎಸ್ 71 ಅನ್ನೋ ಹಳೆಯ ಹೆದ್ದಾರಿ. ಶಿರಾಡಿ ಘಾಟಿಯಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡವರಿಗೆ ಆ ರಸ್ತೆ ಹೇಗಿತ್ತು ಅಂತ ಹೇಳಬೇಕಿಲ್ಲ. 1999ರ ಜನವರಿಯಲ್ಲಿ ಹೊಸ ರಸ್ತೆ ಬಂತು, ಜೊತೆಗೆ ಬಾಬಿ ಹಾಪರ್ ಸುರಂಗ. ಇಡೀ ರಾಜ್ಯದ ಹೆದ್ದಾರಿಗಳಲ್ಲಿ ಇರೋದು ಇದೊಂದೇ ಸುರಂಗ. ಉದ್ದ 1,595 ಅಡಿ. ನನ್ನ ಮಗಳು ಒಳಗೆ ಹೋಗುತ್ತಲೇ ಕೆನ್ನೆ ಉಬ್ಬಿಸಿ ಉಸಿರು ಬಿಗಿಹಿಡಿಯುತ್ತಾಳೆ, ಬೆರಳಲ್ಲಿ ಎಣಿಸುತ್ತಾಳೆ. ಹದಿನಾರಕ್ಕೆ ಬೆಳಕು. ಮುಂದೆ ಟ್ರಕ್ ಇದ್ದರೆ ಇಪ್ಪತ್ತಾಗುತ್ತದೆ, ಆಗ ನನಗೆ ಬೈಗುಳ.

ಟ್ರಕ್ಕಿಗೇನು ಬರ ಇಲ್ಲ ಇಲ್ಲಿ. ವಾಲ್‌ಮಾರ್ಟ್ ಕೇಂದ್ರ ಕಚೇರಿ ಬೆಂಟನ್‌ವಿಲ್‌ನಲ್ಲಿ, ಕೋಳಿಮಾಂಸದ ಕಂಪನಿ ಟೈಸನ್ ಸ್ಪ್ರಿಂಗ್‌ಡೇಲ್‌ನಲ್ಲಿ, ಲಾರಿ ಸಾಗಣೆಯ ಜೆ.ಬಿ. ಹಂಟ್ ಲೋವೆಲ್‌ನಲ್ಲಿ. ಎಲ್ಲಾ ಇದೇ ದಾರಿಯ ಪಕ್ಕ. ಇಷ್ಟಾದರೂ ಉತ್ತರಕ್ಕೆ ಕಾನ್ಸಾಸ್ ಸಿಟಿಗೆ ಹೋಗಬೇಕಾದರೆ ಬೆಲ್ಲಾ ವಿಸ್ಟಾ ಊರೊಳಗಿನ ಸಿಗ್ನಲ್ಲುಗಳಲ್ಲಿ ನಿಂತು ನಿಂತು ಹೋಗಬೇಕಿತ್ತು. ಪಕ್ಕದ ಮಿಸೌರಿಯವರು 2012ರ ಡಿಸೆಂಬರಿನಲ್ಲೇ ತಮ್ಮ ಕಡೆ ಐ-49 ಬೋರ್ಡು ಹಾಕಿಕೊಂಡಿದ್ದರು. ನಡುವೆ ಕೆಲವೇ ಮೈಲಿ ಬಾಕಿ.

ಅದನ್ನು ಜೋಡಿಸಲು ಬೆಲ್ಲಾ ವಿಸ್ಟಾವನ್ನು ಬಳಸಿ ಹೋಗುವ ಬೈಪಾಸ್ ಕಂತಿನಲ್ಲಿ ಬಂತು. ಒಂದೊಂದು ತುಂಡು ತೆರೆದಾಗಲೂ ಬೋರ್ಡಿನಲ್ಲಿ 549. ಅಂತರರಾಜ್ಯ ಹೆದ್ದಾರಿಯ ಕೆಂಪು–ನೀಲಿ ಗುರಾಣಿ ಸುಮ್ನೆ ಸಿಗೋದಿಲ್ಲ. ರಸ್ತೆ ಅವರ ಅಳತೆಗೆ ಸರಿಯಾಗಿರಬೇಕು, ಫೆಡರಲ್ ಹೆದ್ದಾರಿ ಇಲಾಖೆ ಒಪ್ಪಬೇಕು. ಅಲ್ಲೀವರೆಗೆ 549. ನಾಮಕರಣ ಆಗೋವರೆಗೆ ಮಗುವನ್ನ ‘ಪಾಪು’ ಅಂತ ಕರೀತೀವಲ್ಲ, ಹಾಗೆ. ದುಡ್ಡಿಗೆ 2012ರಲ್ಲಿ ಜನರೇ ಮತ ಹಾಕಿ ಡಾಲರಿಗೆ ಅರ್ಧ ಸೆಂಟ್ ಮಾರಾಟ ತೆರಿಗೆ ಒಪ್ಪಿಕೊಂಡಿದ್ದರು. ಟೋಲ್ ಇಲ್ಲ. 2021ರ ಅಕ್ಟೋಬರ್ 1ಕ್ಕೆ ಬೈಪಾಸ್ ಪೂರ್ತಿ ತೆರೆಯಿತು, ಪಾಪುವಿಗೆ ಐ-49 ಅನ್ನೋ ಹೆಸರೂ ಬಂತು.

ದಕ್ಷಿಣಕ್ಕೆ ಮಾತ್ರ ಕೆಲಸ ಇನ್ನೂ ಬಾಕಿ. ಫೋರ್ಟ್ ಸ್ಮಿತ್‌ನಿಂದ ಟೆಕ್ಸಸ್ ಗಡಿಯ ಟೆಕ್ಸಾರ್ಕಾನಾವರೆಗೆ ಈಗಲೂ ಹಳೆಯ 71ರದೇ ಗತಿ. ಅದೇ ಗೆಳೆಯನ ಜೊತೆ ಒಮ್ಮೆ ಆ ದಾರಿಯಲ್ಲಿ ಹೋದೆ. ಮೀನಾ ಊರಿನ ಹತ್ತಿರ ಮುಂದೆ ಪೈನ್ ದಿಮ್ಮಿ ಹೇರಿಕೊಂಡ ಲಾರಿ, ತುದಿಗೆ ಕೆಂಪು ಬಟ್ಟೆ ಕಟ್ಟಿತ್ತು. ಹಿಂದೆ ನಾವು. ಓವರ್‌ಟೇಕ್ ಮಾಡೋಕೆ ಜಾಗ ಇಲ್ಲ, ಇಲ್ಲಿ ಹಾರ್ನ್ ಹೊಡೆದರೆ ಬೈದಂತೆ. ಅವನು ಸೀಟು ಹಿಂದಕ್ಕೆ ಬಾಗಿಸಿ, ‘ಇದಕ್ಕೆ ಯಾವ ನಂಬರ್ ಹೇಳ್ತೀಯೋ ಈಗ?’ ಅಂದ.