ಬಿಳಿ ಎಲೆಯ ತೋಟ: ಕೊಡಗಿನಲ್ಲಿ ನಮ್ಮ ಸೈನ್ಸ್ ಫಿಕ್ಷನ್ ಶೂಟಿಂಗ್

ಕಾಲೇಜಿನ ಸಿನಿಮಾ ಪ್ರಾಜೆಕ್ಟಿಗೆ ಸೈನ್ಸ್ ಫಿಕ್ಷನ್ ಮಾಡುತ್ತೇವೆ, ಅದೂ ಕೊಡಗಿನಲ್ಲಿ ಅಂದಾಗ ಹೆಚ್ಚು ಕಮ್ಮಿ ಎಲ್ಲರೂ ಕೇಳಿದ್ದು ಒಂದೇ. ರಾಕೆಟ್ ಎಲ್ಲಿಂದ ತರ್ತೀರಿ? ಸೆಟ್ಟಿಗೆ ದುಡ್ಡು ಯಾರು ಕೊಡ್ತಾರೆ? ಕೊಡಗು ಅಂದರೆ ಮಂಜು, ಜಲಪಾತ, ಹಾಡಿಗೆ ಬರುವ ಜಾಗ, ಅಲ್ವಾ? ನಮ್ಮ ಕೈಯಲ್ಲಿ ಇದ್ದದ್ದು 40,000 ರೂಪಾಯಿಗಿಂತ ಕಡಿಮೆ, ಅದರಲ್ಲಿ ಊಟಕ್ಕೂ ಜೀಪಿಗೂ ಹೋಗುವುದೇ ಜಾಸ್ತಿ. ಅಷ್ಟು ದುಡ್ಡಿನಲ್ಲಿ ಬೇರೆ ಗ್ರಹ ಕಟ್ಟಲು ಹೋಗಬಾರದು ಅಂತ ನನಗೆ ಮೊದಲಿಂದಲೂ ಅನ್ನಿಸಿತ್ತು. ನಾವಿರುವ ಜಾಗವನ್ನೇ ಬೇರೆ ಯಾರೋ ಬಂದು ನೋಡುತ್ತಿದ್ದಾರೆ ಅಂತ ಕಥೆ ಬರೆದರೆ ಸೆಟ್ ಬೇಕಾಗಿಲ್ಲ, ನೋಡುವ ಕಣ್ಣೊಂದು ಬೇರೆ ಆದರೆ ಸಾಕು.

ಕಥೆ ಚಿಕ್ಕದು. ಕೊಡಗಿನ ಪ್ಲಾಂಟರ್ ಮನೆಗಳಲ್ಲಿ ಮಳೆ ಲೆಕ್ಕ ಬರೆಯುವುದು ಹಳೇ ಅಭ್ಯಾಸ. ಅಂಗಳದ ಬದಿಯಲ್ಲಿ ಮಳೆ ಮಾಪಕ ಇರುತ್ತದೆ, ಬೆಳಿಗ್ಗೆ ಎದ್ದು ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ, ಇಂಚು ಮತ್ತು ಸೆಂಟ್ ಲೆಕ್ಕದಲ್ಲಿ. ನೂರು ಸೆಂಟಿಗೆ ಒಂದು ಇಂಚು. ಫೋನ್ ಮಾಡಿದರೆ ಊಟ ಆಯ್ತಾ ಅನ್ನುವ ಮೊದಲು ‘ನಿಮ್ಮಲ್ಲಿ ಎಷ್ಟು ಸೆಂಟ್ ಬಂತು’ ಅಂತ ಕೇಳುವವರು ನಮ್ಮ ಕಡೆ ತುಂಬಾ ಜನ ಇದ್ದಾರೆ. ನಮ್ಮ ಕಥೆಯ ಹುಡುಗಿ ಅಜ್ಜ ತೀರಿಕೊಂಡ ಮೇಲೆ ಆ ಪುಸ್ತಕ ಮುಂದುವರಿಸುತ್ತಾಳೆ. ಫೆಬ್ರುವರಿ, ಒಂದು ಹನಿ ಮಳೆ ಇಲ್ಲ, ಆದರೂ ದಿನಾ ಬೆಳಿಗ್ಗೆ ಮಾಪಕದಲ್ಲಿ ಒಂದಿಷ್ಟು ಸೆಂಟ್ ನೀರು. ಎಲ್ಲಿಂದಲೋ ಬಂದ ಒಂದು ಯಂತ್ರ ರಾತ್ರಿ ಹೊಳೆ ನೀರನ್ನು ಹೀರಿ, ಪರೀಕ್ಷೆ ಮಾಡಿ, ಉಳಿದದ್ದನ್ನು ಅಲ್ಲಿ ಸುರಿದು ಹೋಗುತ್ತಿದೆ. ಅರ್ಧ ಸಿನಿಮಾ ಹುಡುಗಿಯ ಕಣ್ಣಲ್ಲಿ, ಇನ್ನರ್ಧ ಆ ಯಂತ್ರದ ಕಣ್ಣಲ್ಲಿ.

ಯಂತ್ರದ ಕಣ್ಣಿಗೆ ನಮ್ಮ ಹಸಿರು ಹೇಗೆ ಕಾಣಬೇಕು? ಇಲ್ಲೇ ನನಗೆ ವಿಜ್ಞಾನ ಕೈ ಹಿಡಿಯಿತು. ಮನುಷ್ಯರ ಕಣ್ಣು ಸುಮಾರು 700 ನ್ಯಾನೋಮೀಟರ್ ತರಂಗಾಂತರದವರೆಗೆ ಬೆಳಕು ಕಾಣುತ್ತದೆ, ಅದರಾಚೆಗಿನದು ಇನ್‌ಫ್ರಾರೆಡ್. ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಂಡು ಆಹಾರ ಮಾಡಿಕೊಳ್ಳುತ್ತದೆ. ಅದರ ಪಕ್ಕದಲ್ಲೇ ಇರುವ ಇನ್‌ಫ್ರಾರೆಡ್ ಬೆಳಕು ಅದಕ್ಕೆ ಬೇಡ, ಹೆಚ್ಚು ಕಮ್ಮಿ ಅರ್ಧದಷ್ಟನ್ನು ವಾಪಸ್ ಕಳಿಸುತ್ತದೆ. ನಾಸಾದ ಗೆಲಿಲಿಯೋ ನೌಕೆ ಗುರುಗ್ರಹಕ್ಕೆ ಹೋಗುವ ದಾರಿಯಲ್ಲಿ, 1990ರ ಡಿಸೆಂಬರಿನಲ್ಲಿ ಭೂಮಿಯ ಪಕ್ಕ ಹಾದು ಹೋದಾಗ, ಅದರ ಉಪಕರಣಗಳು ನೆಲದ ಮೇಲೆ ಕೆಂಪು ಬೆಳಕನ್ನು ಹೀರುವ ಏನೋ ಒಂದು ಹರಡಿಕೊಂಡಿದೆ ಅಂತ ತೋರಿಸಿದವು. ಭೂಮಿಯಲ್ಲಿ ಜೀವ ಇದೆ ಅಂತ ದೂರದಿಂದ ಪತ್ತೆ ಹಚ್ಚಲು ಆಗುತ್ತದಾ ಅಂತ ಖಗೋಳ ವಿಜ್ಞಾನಿ ಕಾರ್ಲ್ ಸಾಗನ್ ಮತ್ತು ಜೊತೆಯವರು 1993ರಲ್ಲಿ ಬರೆದ ಲೇಖನದಲ್ಲಿ ಇದೂ ಒಂದು ಸಾಕ್ಷಿ. ಇಸ್ರೋದ ಐಆರ್‌ಎಸ್-1ಎ ಉಪಗ್ರಹ 1988ರಲ್ಲಿ ಮೇಲೆ ಹೋದಾಗ ಅದರ ಕ್ಯಾಮೆರಾಗಳಲ್ಲೂ ಇನ್‌ಫ್ರಾರೆಡ್ ನೋಡುವ ವ್ಯವಸ್ಥೆ ಇತ್ತು, ಬೆಳೆ ಮತ್ತು ಕಾಡು ಗುರುತಿಸಲು ಅದು ಬೇಕೇ ಬೇಕು. ಅಂದ ಮೇಲೆ ನಮ್ಮ ಯಂತ್ರವೂ ಹಾಗೇ ನೋಡಲಿ.

ಹೆಚ್ಚು ಕಮ್ಮಿ ಎಲ್ಲ ಮಾಮೂಲಿ ಡಿಜಿಟಲ್ ಕ್ಯಾಮೆರಾದ ಸೆನ್ಸರ್ ಮುಂದೆ ಇನ್‌ಫ್ರಾರೆಡ್ ತಡೆಯುವ ಒಂದು ಗಾಜು ಇರುತ್ತದೆ. ಹಳೇ ಡಿಎಸ್‌ಎಲ್‌ಆರ್ ಒಂದನ್ನು ಸೆಕೆಂಡ್ ಹ್ಯಾಂಡ್ ತಗೊಂಡು, ಮೈಸೂರಿನಲ್ಲಿ ಕ್ಯಾಮೆರಾ ರಿಪೇರಿ ಮಾಡುವವರ ಹತ್ತಿರ ಆ ಗಾಜು ತೆಗೆಸಿ, ಸುಮಾರು 720 ನ್ಯಾನೋಮೀಟರಿನಾಚೆಗಿನ ಬೆಳಕನ್ನು ಮಾತ್ರ ಒಳಗೆ ಬಿಡುವ ಫಿಲ್ಟರ್ ಹಾಕಿಸಿದೆವು. ದಯವಿಟ್ಟು ಇದನ್ನು ಮನೆಯಲ್ಲಿ ಬಿಚ್ಚಿ ಮಾಡಬೇಡಿ. ಬ್ಯಾಟರಿ ತೆಗೆದ ಮೇಲೂ ಫ್ಲ್ಯಾಷಿನ ಕೆಪಾಸಿಟರ್ ಜೋರಾಗಿ ಶಾಕ್ ಹೊಡೆಯುತ್ತದೆ. ಕ್ಯಾಮೆರಾ ಕೊಡುವ ಚಿತ್ರ ಮೊದಲು ಕೆಂಪು ಕೆಂಪಾಗಿ ಇರುತ್ತದೆ. ಹುಲ್ಲಿನ ಮೇಲೆ ವೈಟ್ ಬ್ಯಾಲೆನ್ಸ್ ಹಿಡಿದು (ಅಂದರೆ ಹುಲ್ಲೇ ಬಿಳಿ ಅಂತ ಕ್ಯಾಮೆರಾಗೆ ಹೇಳಿ), ಬಣ್ಣ ತೆಗೆದು ಕಪ್ಪು ಬಿಳುಪು ಮಾಡಿದರೆ ಆಮೇಲೆ ನೋಡಬೇಕು ಅದರ ಚಂದ.

ಕಾಫಿ ಗಿಡದ ಎಲೆ ಪೂರ್ತಿ ಬಿಳಿ. ಸಿಲ್ವರ್ ಓಕ್ ಬಿಳಿ. ಅದಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿ ಬಿಳಿ, ಕಾಂಡ ಮಾತ್ರ ಗಾಢ. ಆಕಾಶ ಕತ್ತಲೆ. ನಾಪೋಕ್ಲು ಕಡೆ ಸೇತುವೆ ಮೇಲೆ ನಿಂತು ಕಾವೇರಿಯನ್ನು ತೆಗೆದಾಗ ನೀರು ಕಪ್ಪಗೆ ಬಂತು, ಯಾಕೆಂದರೆ ನೀರು ಇನ್‌ಫ್ರಾರೆಡ್ ಬೆಳಕನ್ನು ನುಂಗಿಬಿಡುತ್ತದೆ. ಎರಡೂ ದಡದಲ್ಲಿ ಬಿಳಿ ಮರ, ನಡುವೆ ಕಪ್ಪು ಹೊಳೆ. ನಾನು ಹುಟ್ಟಿದಾಗಿನಿಂದ ನೋಡಿದ ಹೊಳೆ ಅದು. ತೆರೆಯ ಮೇಲೆ ನೋಡಿ ನಾವ್ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ತೋಟದ ರೈಟರಿಗೆ, ಅಂದರೆ ಲೆಕ್ಕ ಬರೆಯುವವರಿಗೆ, ಲ್ಯಾಪ್‌ಟಾಪಿನಲ್ಲಿ ತೋರಿಸಿದಾಗ ಅವರು ಕನ್ನಡಕ ಸರಿ ಮಾಡಿಕೊಂಡು, ‘ಇದು ಯಾವಾಗ ಹೂ ಬಿಟ್ಟಿದ್ದು ಮಕ್ಕಳೇ? ನಮ್ಮ ಬ್ಲಾಕಿಗೆ ಇನ್ನೂ ನೀರೇ ಕೊಟ್ಟಿಲ್ವಲ್ಲ’ ಅಂದರು. ಕಾಫಿ ಹೂ ಬಿಟ್ಟಾಗ ತೋಟ ಹೀಗೇ ಬೆಳ್ಳಗಾಗುತ್ತದೆ ನಿಜ. ಆಮೇಲೆ ಮತ್ತೆ ಬಗ್ಗಿ ನೋಡಿ, ‘ಸಿಲ್ವರ್ ಓಕೂ ಬೆಳ್ಳಗೆ ಇದ್ಯಲ್ಲಾ...’ ಅಂತ ಎಳೆದರು. ಆ ‘ಅಲ್ಲಾ’ ಇದೆಯಲ್ಲ, ನೋಡುವವರಿಗೆಲ್ಲ ಅದೇ ಅನ್ನಿಸಬೇಕು ಅಂತ ನನ್ನ ಆಸೆ.

ಹೊರಗಡೆ ಶೂಟಿಂಗ್ ಮಾಡುವವರಿಗೆ ಇದರಲ್ಲಿ ಇನ್ನೊಂದು ಲಾಭ ಇದೆ, ಯಾರೂ ಹೇಳಿಕೊಟ್ಟಿರಲಿಲ್ಲ. ಮಾಮೂಲಿ ಕ್ಯಾಮೆರಾಗೆ ಮಧ್ಯಾಹ್ನದ ಬಿಸಿಲು ಶತ್ರು. ಮುಖದ ಮೇಲೆ ಕಣ್ಣಿನ ಕೆಳಗೆ ಕಪ್ಪು ನೆರಳು, ತೋಟದ ಒಳಗಂತೂ ಚುಕ್ಕೆ ಚುಕ್ಕೆ ಬೆಳಕು. ಇನ್‌ಫ್ರಾರೆಡ್‌ಗೆ ಅದೇ ಬಿಸಿಲು ಬೇಕು. ಎಲೆಯ ಮೂಲಕ ಈ ಬೆಳಕು ಸಾಕಷ್ಟು ಹಾದು ಹೋಗುವುದರಿಂದ ಮರದ ನೆರಳಿನಲ್ಲೂ ಗಿಡಗಳು ಒಳಗಿಂದ ಹೊಳೆಯುತ್ತವೆ. ಹಾಗಾಗಿ ಬೆಳಿಗ್ಗೆ ಮತ್ತು ಸಂಜೆ ಹುಡುಗಿಯ ದೃಶ್ಯ, ಹತ್ತರಿಂದ ಮೂರರವರೆಗೆ ಯಂತ್ರದ ಕಣ್ಣು. ದಿನ ಪೂರ್ತಿ ಕೆಲಸ. ದಿನದ ಲೆಕ್ಕದಲ್ಲಿ ಬಾಡಿಗೆ ಕೊಡುವವರಿಗೆ ಇದು ಎಷ್ಟು ದೊಡ್ಡದು ಅಂತ ಬಾಡಿಗೆ ಕೊಟ್ಟವರಿಗೇ ಗೊತ್ತು.

ತೊಂದರೆಯೂ ಇದೆ. ಕೆಲವು ಲೆನ್ಸಿನಲ್ಲಿ ನಡುವೆ ಒಂದು ಬೆಳ್ಳನೆ ಮಚ್ಚೆ ಬರುತ್ತದೆ, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಂಡಿ) ಮುಚ್ಚಿದಷ್ಟೂ ಜಾಸ್ತಿ. ಫೋಕಸ್ ಪರದೆ ನೋಡಿಯೇ ಹಿಡಿಯಬೇಕು, ಲೆನ್ಸ್ ಮೇಲಿನ ಗುರುತು ನಂಬುವ ಹಾಗಿಲ್ಲ. ಬಿಸಿಲಿಗೆ ಪರದೆ ಕಾಣುವುದಿಲ್ಲ, ಅದಕ್ಕೆ ತಲೆ ಮೇಲೆ ಕಂಬಳಿ ಹೊದ್ದು ಬೆವರುತ್ತಾ ಕೂರಬೇಕು. ಬಟ್ಟೆಯ ಬಣ್ಣವನ್ನೂ ನಂಬುವ ಹಾಗಿಲ್ಲ. ನಮ್ಮ ನಟಿಯ ಕಪ್ಪು ಪ್ಯಾಂಟು ಇನ್‌ಫ್ರಾರೆಡ್‌ನಲ್ಲಿ ಬೂದಿ ಬಣ್ಣ, ಅವಳ ಬ್ಯಾಗು ಮಾತ್ರ ಕಪ್ಪಾಗೇ ಉಳಿಯಿತು. ಎರಡರ ಡೈ ಬೇರೆ ಬೇರೆ ಇರಬೇಕು. ನಾವು ಅದನ್ನು ಕಥೆಗೇ ಸೇರಿಸಿದೆವು. ಯಂತ್ರಕ್ಕೆ ಅವಳ ಗುರುತು ಸಿಗುವುದೇ ಆ ಬ್ಯಾಗಿನಿಂದ.

ಮಂಜಿನ ವಿಷಯಕ್ಕೆ ಬರುತ್ತೇನೆ. ಹೊರಗಿನಿಂದ ಬಂದವರಿಗೆ ಮಂಜು ಅಂದರೆ ಪುಕ್ಕಟೆ ಸ್ಪೆಷಲ್ ಎಫೆಕ್ಟ್. ಅದು ಒಪ್ಪುವ ಮಾತೇ, ಆದರೆ ಅದು ನಮ್ಮ ಟೈಮಿಗೆ ನಿಲ್ಲುವುದಿಲ್ಲ. ಬೆಳಿಗ್ಗೆ ಏಳಕ್ಕೆ ಗದ್ದೆ ಮೇಲೆ ದಪ್ಪಗೆ ಕೂತಿದ್ದ ಮಂಜು, ದೂರದ ಶಾಟ್ ಮುಗಿಸಿ ಹುಡುಗಿಯ ಮುಖಕ್ಕೆ ಕ್ಯಾಮೆರಾ ತರುವಷ್ಟರಲ್ಲಿ ಎದ್ದು ಹೋಗಿರುತ್ತದೆ. ಎರಡು ಶಾಟ್ ಜೋಡಿಸಿದರೆ ಬೇರೆ ಬೇರೆ ದಿನದ ಹಾಗೆ ಕಾಣುತ್ತದೆ. ಅದಕ್ಕೇ ಮಂಜಿನ ದೃಶ್ಯಗಳನ್ನೆಲ್ಲ ಒಂದೇ ಶಾಟಿನಲ್ಲಿ ಮುಗಿಯುವ ಹಾಗೆ ಬರೆದೆವು. ಅವಳು ಗದ್ದೆಯ ಆ ತುದಿಯಿಂದ ಬದುವಿನ ಮೇಲೆ ನಡೆದು ಬರುತ್ತಾಳೆ, ಹತ್ತಿರ ಆದ ಹಾಗೆ ಮುಖ ಸ್ಪಷ್ಟವಾಗುತ್ತದೆ, ಮಾತಾಡುತ್ತಾಳೆ, ಹೋಗುತ್ತಾಳೆ. ಸುಗ್ಗಿ ಹಬ್ಬ ಹುತ್ತರಿ ಕಳೆದು ಕೊಯ್ಲಾದ ಗದ್ದೆ ಆದ್ದರಿಂದ ನೆಲ ಒಣಗಿತ್ತು, ಟ್ರೈಪಾಡ್ ಹೂಳುವುದಿಲ್ಲ. ಮಂಜಿನಲ್ಲಿ ಆಟೋ ಫೋಕಸ್ ಹಿಂದೆ ಮುಂದೆ ಹುಡುಕಾಡುತ್ತದೆ, ಆಫ್ ಮಾಡಿಬಿಡಿ. ಕ್ಯಾಮೆರಾವನ್ನು ತಣ್ಣಗಿನ ಹೊರಗಿನಿಂದ ಒಲೆ ಉರಿಯುವ ಅಡುಗೆಮನೆಗೆ ನೇರ ತರಬೇಡಿ, ಲೆನ್ಸ್ ಮೇಲೆ ನೀರು ಕೂರುತ್ತದೆ. ಬ್ಯಾಗಿನಲ್ಲಿ ಮುಚ್ಚಿಟ್ಟು ನಿಧಾನಕ್ಕೆ ಒಳಗೆ ತನ್ನಿ.

ಸಿನಿಮಾದಲ್ಲಿ ಒಂದೇ ಒಂದು ಸಲ ಯಂತ್ರ ಕಾಣುತ್ತದೆ. ಎರಡು ಅಲ್ಯೂಮಿನಿಯಂ ಪಾತ್ರೆ ಬಾಯಿಗೆ ಬಾಯಿ ಸೇರಿಸಿ ರಿವೆಟ್ ಹೊಡೆಸಿದ ಗುಂಡು ಅದು. ಹೊಳೆಯುವ ಗುಂಡನ್ನು ಬಯಲಿನಲ್ಲಿ ಇಟ್ಟರೆ ಅದರೊಳಗೆ ಇಡೀ ಊರು ಕಾಣುತ್ತದೆ: ಕ್ಯಾಮೆರಾ, ಬೆಳಕು ತಿರುಗಿಸಲು ಥರ್ಮೋಕೋಲ್ ಹಿಡಿದವನು, ಹಿಂದೆ ನಿಂತ ಜೀಪು, ಟೀ ಕುಡಿಯುತ್ತಿರುವವರು. ಹೊಳೆ ಬದಿಯ ನುಣ್ಣನೆಯ ಕೆಸರನ್ನು ಬಟ್ಟೆಯಲ್ಲಿ ಅದ್ದಿ ತೆಳ್ಳಗೆ ಉಜ್ಜಿ ಒಣಗಲು ಬಿಟ್ಟಾಗ ಹೊಳಪು ಇಳಿಯಿತು. ಬೆರಳು ತಾಗಿದ ಕಡೆ ಮಾತ್ರ ಅಲ್ಯೂಮಿನಿಯಂ ಮಿನುಗುತ್ತಿತ್ತು. ಬಹಳ ದೂರ ಪ್ರಯಾಣ ಮಾಡಿ ಬಂದ ವಸ್ತು ಅಂತ ನಂಬಿಕೆ ಬಂದಿದ್ದು ಆಗಲೇ.

ಜಾಗದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೊಡಗಿನಲ್ಲಿ ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ಮೂರು ವನ್ಯಜೀವಿ ಧಾಮ, ಆ ಕಡೆ ನಾಗರಹೊಳೆ. ಕಾಡಿನೊಳಗೆ ಶೂಟಿಂಗ್ ಅಂದರೆ ಅರಣ್ಯ ಇಲಾಖೆಯ ಅನುಮತಿ, ಶುಲ್ಕ. ವಿದ್ಯಾರ್ಥಿಗಳಿಗೆ ಗೆಳೆಯರ ಮನೆ ತೋಟವೇ ಸರಿ. ಕಕ್ಕಬ್ಬೆ ಕಡೆ ಗೆಳತಿಯ ಅಪ್ಪ ‘ಕೊಯ್ಲಿಗೆ ಅಡ್ಡ ಬರಬೇಡಿ, ಗೇಟ್ ಹಾಕಿ, ಅಷ್ಟು ಸಾಕು’ ಅಂದರು. ಡ್ರೋನ್ ಬದಲು ಕರಿಮೆಣಸು ಕೊಯ್ಯುವ ಬಿದಿರಿನ ಏಣಿ ಬಳಸಿದೆವು. ದಿನಾ ಅದನ್ನು ಹತ್ತಿ ಅಭ್ಯಾಸ ಇರುವ ಅಣ್ಣ ಒಬ್ಬರು ಕ್ಯಾಮೆರಾವನ್ನು ಸಿಲ್ವರ್ ಓಕಿಗೆ ಹಗ್ಗದಲ್ಲಿ ಬಿಗಿದು ಕೊಟ್ಟರು. ಅವರಿಗೆ ಒಂದು ದಿನದ ಕೂಲಿ ಪೂರ್ತಿ ಕೊಟ್ಟೆವು, ಕೊಡಲೇಬೇಕು.

ಆನೆ ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಸಂಜೆ ಐದೂವರೆಗೆ ಪ್ಯಾಕಪ್, ಬೆಳಕು ಎಷ್ಟೇ ಚೆನ್ನಾಗಿರಲಿ. ಕಾಫಿ ತೋಟದಲ್ಲಿ ಆನೆ ಗಿಡದ ಮರೆಯಲ್ಲಿ ನಿಂತರೆ ಹತ್ತು ಹೆಜ್ಜೆ ದೂರದಲ್ಲೂ ಕಾಣುವುದಿಲ್ಲ. ಇಲ್ಲಿ ಪ್ರತಿ ವರ್ಷ ಕೆಲಸಕ್ಕೆ ಹೋಗುವವರು ಆನೆ ದಾಳಿಗೆ ಸಿಕ್ಕಿ ಸಾಯುತ್ತಿದ್ದಾರೆ. ಒಂದು ಶಾಟಿಗೋಸ್ಕರ ಕತ್ತಲಲ್ಲಿ ಯಾರನ್ನೂ ತೋಟದೊಳಗೆ ಕಳಿಸಬಾರದು. ರಾತ್ರಿ ದೃಶ್ಯಗಳೆಲ್ಲ ಮನೆಯಂಗಳದಲ್ಲೇ ತೆಗೆದೆವು.

ಮಳೆಯ ದೃಶ್ಯವೊಂದನ್ನು ಅದಕ್ಕೂ ಮೊದಲು, ಹಿಂದಿನ ಜೂನಿನಲ್ಲೇ ತೆಗೆದಿಟ್ಟಿದ್ದೆವು, ಅಜ್ಜ ಬದುಕಿದ್ದಾಗಿನ ಭಾಗಕ್ಕೆ. ಜಿಗಣೆ, ಉಪ್ಪಿನ ಪೊಟ್ಟಣ, ಕ್ಯಾಮೆರಾಗೆ ಪ್ಲಾಸ್ಟಿಕ್ ಕವರ್, ಇದೆಲ್ಲ ನಿಮಗೆ ಗೊತ್ತು. ಗೊತ್ತಿಲ್ಲದ್ದು ಏನೆಂದರೆ ಮಳೆ ಕ್ಯಾಮೆರಾದಲ್ಲಿ ಸುಲಭಕ್ಕೆ ಬೀಳುವುದಿಲ್ಲ. ಮೋಡದ ಬೆಳಕು ಎಲ್ಲಾ ಕಡೆಯಿಂದ ಸಮ ಬರುತ್ತದೆ, ಹಿಂದೆ ಬಿಳಿ ಆಕಾಶ, ಹನಿ ಕಾಣುವುದೇ ಇಲ್ಲ. ಅಂಗಳದಲ್ಲಿ ಮಾತು ಕೇಳದ ಹಾಗೆ ಸುರಿಯುತ್ತಿದ್ದರೂ ತೆರೆಯ ಮೇಲೆ ಅಜ್ಜ ಸುಮ್ನೆ ಕೊಡೆ ಹಿಡಿದು ನಿಂತ ಹಾಗೆ. ಅವರನ್ನು ಸೌದೆ ಕೊಟ್ಟಿಗೆಯ ಕತ್ತಲೆ ಬಾಗಿಲಿನ ಮುಂದೆ ನಿಲ್ಲಿಸಿ, ಕೊಟ್ಟಿಗೆ ಒಳಗಿಂದ ಓರೆಯಾಗಿ ಒಂದು ಎಲ್‌ಇಡಿ ಲೈಟ್ ಬಿಟ್ಟಾಗ ಒಂದೊಂದು ಹನಿಯೂ ಗೆರೆಯಾಗಿ ಬಂತು.

ಕೊನೆಯದು ಸೌಂಡ್, ಎಲ್ಲಕ್ಕಿಂತ ಕಷ್ಟ ಇದೇ. ಫೆಬ್ರುವರಿಯಲ್ಲಿ ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕುವ ಕಾಲ. ನೀರು ಬಿದ್ದು ಎಂಟು ಹತ್ತು ದಿನಕ್ಕೆ ಹೂ ಬಿಡುತ್ತದೆ, ಆ ಹೂವಿನ ಮೇಲೆ ಮುಂದಿನ ವರ್ಷದ ಬೆಳೆ ನಿಂತಿದೆ. ಹೊಳೆ ಬದಿಯಲ್ಲಿ ಡೀಸೆಲ್ ಪಂಪು ಹಗಲು ರಾತ್ರಿ ಓಡುತ್ತದೆ. ಅದನ್ನು ಐದು ನಿಮಿಷ ನಿಲ್ಲಿಸಿ ಅಂತ ಕೇಳುವುದೂ ತಪ್ಪು. ಅದರ ಜೊತೆ ಜೀರುಂಡೆ, ಯಾರದೋ ಕಳೆ ಕೊಚ್ಚುವ ಮಿಷನ್. ನಾವು ಮಾಡಿದ್ದು ಇಷ್ಟೇ: ಪ್ರತಿ ಶಾಟ್ ಮುಗಿದ ತಕ್ಷಣ ನಟಿಯನ್ನು ಜೀಪಿನಲ್ಲಿ ಕೂರಿಸಿ, ಗಾಜು ಏರಿಸಿ, ಸುತ್ತ ರಗ್ಗು ಹಾಕಿ ಅದೇ ಮಾತನ್ನು ಮತ್ತೆ ಹೇಳಿಸುವುದು. ಓಡಿ ಬಂದ ಉಸಿರು ಇನ್ನೂ ಧ್ವನಿಯಲ್ಲಿ ಇರುವಾಗಲೇ ಆಗಬೇಕು. ಮೈಸೂರಿನ ಸ್ಟುಡಿಯೋದಲ್ಲಿ ಆ ಉಸಿರು ಸಿಗುವುದಿಲ್ಲ.

ಪಂಪಿನ ಸದ್ದನ್ನು ಬಿಡಲಿಲ್ಲ. ಹತ್ತಿರದಿಂದ ರೆಕಾರ್ಡ್ ಮಾಡಿ, ನಿಧಾನ ಮಾಡಿ, ಯಂತ್ರ ನೋಡುವಾಗಲೆಲ್ಲ ಅದನ್ನೇ ಇಟ್ಟಿದ್ದೇವೆ. ಸ್ಪ್ರಿಂಕ್ಲರ್ ಜೆಟ್ ತಿರುಗುವ ಚಿಕ್ ಚಿಕ್ ಸದ್ದು ಅದರ ಗಡಿಯಾರ. ಇನ್ನು ಉಳಿದಿರುವುದು ಒಂದು ಪಾತ್ರದ ಡಬ್ಬಿಂಗ್, ಕಥೆಯಲ್ಲಿ ಬರುವ ರೈಟರದ್ದು. ಅದಕ್ಕೆ ನಮ್ಮ ತೋಟದ ರೈಟರೇ ಒಪ್ಪಿದ್ದಾರೆ. ಕೊಯ್ಲಿನ ಲೆಕ್ಕ ಮುಗಿಯಲಿ, ಬರ್ತೀನಿ ಅಂದಿದ್ದಾರೆ.