ಬುಧವಾರ ನನ್ನ ಪಾಳಿ

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಮಗಳ ಜೊತೆ ನಾನೂ ಹೊರಡುತ್ತೇನೆ. ಬಿಟ್ಟು ಬರುವುದಕ್ಕಲ್ಲ, ಆ ದಿನ ನನ್ನ ಪಾಳಿ. ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿ ನಮ್ಮ ಮನೆಯ ಹತ್ತಿರವಿರುವ ಈ ಪುಟ್ಟ ಪ್ಲೇಸೆಂಟರನ್ನು, ಅಂದರೆ ಶಾಲೆಗೆ ಸೇರುವ ಮುಂಚಿನ ಮಕ್ಕಳ ಆಟದ ಕೇಂದ್ರವನ್ನು, ನಡೆಸುವವರು ಮಕ್ಕಳ ಅಪ್ಪ ಅಮ್ಮಂದಿರೇ. ಬಣ್ಣ ಕಲಸುವುದು, ಲೆಕ್ಕ ಬರೆಯುವುದು, ಕೊನೆಗೆ ನೆಲ ಒರೆಸುವುದು ಎಲ್ಲ ನಮ್ಮದೇ. ಅದಕ್ಕೆ ತರಬೇತಿಯೂ ಉಂಟು. ಮಗಳು ಮಲಗಿದ ಮೇಲೆ ಕೂತು ಓದಿ ನಾನು ಮೊದಲ ಹಂತ ಮುಗಿಸಿದ್ದೇನೆ.

ಪ್ಲೇಸೆಂಟರ್ ಹುಟ್ಟಿದ್ದು ಇದೇ ಊರಿನ ಕರೋರಿ ಎಂಬಲ್ಲಿ, 1941ರಲ್ಲಿ. ಎರಡನೇ ಮಹಾಯುದ್ಧದ ಕಾಲ. ಗಂಡಂದಿರು ಯುದ್ಧಕ್ಕೆ ಹೋಗಿದ್ದರು, ಮನೆಯಲ್ಲಿ ತಾಯಂದಿರು ಪುಟ್ಟ ಮಕ್ಕಳನ್ನಿಟ್ಟುಕೊಂಡು ಒಂಟಿ. ಮಕ್ಕಳನ್ನೆಲ್ಲ ಒಂದು ಕಡೆ ಆಡಲು ಬಿಟ್ಟು ಸರದಿಯಲ್ಲಿ ನೋಡಿಕೊಂಡರೆ ಉಳಿದವರಿಗೆ ಒಂದಿಷ್ಟು ಬಿಡುವು. ತವರು ಸಮುದ್ರದಾಚೆ ಇರುವ ನನಗೆ ಆ ತಾಯಂದಿರ ಕಷ್ಟವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಮೊದಲ ಚಳಿಗಾಲದಲ್ಲಿ ನನ್ನನ್ನು ಉಳಿಸಿದ್ದು ಇಲ್ಲಿನ ಅಡುಗೆಮನೆಯ ಚಹಾ ಮತ್ತು ನಾಲ್ಕು ಜನ ಅಮ್ಮಂದಿರು.

ಒಳಗೆ ಬಂದರೆ ಬೆಂಚಿಲ್ಲ, ಸ್ಲೇಟಿಲ್ಲ. ಮರಳು, ನೀರು, ಜೇಡಿಮಣ್ಣು, ಹಿಟ್ಟಿನ ಮುದ್ದೆ, ಮರದ ಇಟ್ಟಿಗೆ, ಪುಸ್ತಕದ ಮೂಲೆ, ಸುಳ್ಳುಸುಳ್ಳು ಅಡುಗೆಮನೆ, ಹೀಗೆ ಬೇರೆಬೇರೆ ಆಟದ ತಾವುಗಳು. ಮಗು ಎಲ್ಲಿಗೆ ಹೋಗಬೇಕು, ಎಷ್ಟು ಹೊತ್ತು ಇರಬೇಕು ಎನ್ನುವುದು ಮಗುವಿಗೇ ಬಿಟ್ಟದ್ದು. ಅಂಬೆಗಾಲಿಡುವ ಕೂಸೂ ನಾಲ್ಕೂವರೆ ವರ್ಷದವನೂ ಒಂದೇ ಮರಳಗುಂಡಿಯಲ್ಲಿರುತ್ತಾರೆ. ತಿಂಡಿಯ ಹೊತ್ತಿಗೆ ಕೈ ತೊಳೆದು, ಇಲ್ಲಿನ ಮೂಲನಿವಾಸಿಗಳ ಮಾವೊರಿ ಭಾಷೆಯಲ್ಲಿ ಚಿಕ್ಕದೊಂದು ಪ್ರಾರ್ಥನೆ ಹೇಳಿ, ಒಟ್ಟಿಗೆ ತಿನ್ನುತ್ತಾರೆ.

ನನಗೆ ಕಷ್ಟವಾಗಿದ್ದು ಬಡಗಿ ಮೇಜು. ಅಲ್ಲಿರುವುದು ಆಟಿಕೆಯಲ್ಲ, ನಿಜವಾದ ಸುತ್ತಿಗೆ, ನಿಜವಾದ ಮೊಳೆ, ಪುಟ್ಟ ಗರಗಸ. ಮಗಳು ಮೊದಲ ಸಲ ಸುತ್ತಿಗೆ ಎತ್ತಿದಾಗ ನನ್ನ ಕೈ ತಾನಾಗಿ ಮುಂದೆ ಹೋಯಿತು. ಪಕ್ಕದಲ್ಲಿದ್ದ ಮೂರು ಮಕ್ಕಳ ತಾಯಿ ಮೆಲ್ಲಗೆ, "ಹತ್ತಿರವೇ ಇರು, ಆದರೆ ಕೈ ಹಾಕಬೇಡ" ಅಂದಳು. ಹೊಡೆತಕ್ಕೆ ಮೊಳೆ ಹಾರಿತು, ಸೊಟ್ಟಗಾಯಿತು. ಮಗಳು ಇನ್ನೊಂದು ತೆಗೆದುಕೊಂಡಳು. ಎರಡನೆಯ ವಾರ ಹಿಡಿಯನ್ನು ಸುತ್ತಿಗೆಯ ತಲೆಯ ಹತ್ತಿರಕ್ಕೆ ಹಿಡಿದರೆ ಗುರಿ ತಪ್ಪುವುದಿಲ್ಲ ಎಂದು ತಾನೇ ಕಂಡುಕೊಂಡಳು. ಮೂರನೆಯ ವಾರ ಮೊಳೆ ಒಳಗಿಳಿಯಿತು. ಎಷ್ಟು ಪೆಟ್ಟು ಬಿತ್ತು ಎಂದು ಅವಳು ಎಣಿಸುತ್ತಿದ್ದಳು, ಕನ್ನಡದಲ್ಲಿ, ಹದಿನಾರರವರೆಗೆ. ಅಲ್ಲಿಯತನಕ ಅವಳಿಗೆ ಹತ್ತರಾಚೆಗೆ ಎಣಿಸಲು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಮಲೆನಾಡಿನ ಸಾಗರದಲ್ಲಿರುವ ಅಪ್ಪನಿಗೆ ಇದೆಲ್ಲ ಸಮಾಧಾನ ತಂದಿರಲಿಲ್ಲ. "ನಾಲ್ಕು ತುಂಬ್ತು, ಇನ್ನೂ ಅ ಆ ಬರೆಯೋದಿಲ್ವಾ? ಎಂತ ಕಲಿಸ್ತಾರೆ ಅಲ್ಲಿ?" ಎಂದು ಪ್ರತಿ ಭಾನುವಾರ ಕೇಳುತ್ತಿದ್ದರು. ಇಲ್ಲಿ ಬಹುತೇಕ ಮಕ್ಕಳು ಐದು ತುಂಬಿದ ಕೂಡಲೇ ಶಾಲೆ ಸೇರುತ್ತಾರೆ, ಬರೆಯುವುದೆಲ್ಲ ಅಲ್ಲಿ ಎಂದು ಹೇಳಿದರೂ ಅವರ ಮುಖ ಬಿಗಿದೇ ಇರುತ್ತಿತ್ತು. ಅವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅಕ್ಷರ ಕಲಿತದ್ದರಿಂದಲೇ ಬದುಕು ಕಟ್ಟಿಕೊಂಡ ತಲೆಮಾರು ಅದು.

ನನ್ನ ಪರವಾಗಿ ಮಾತಾಡಿದ್ದು ಚಿಕ್ಕಮ್ಮ. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ, ಆಟ ಹಾಡುಗಳ ಮೂಲಕ ಕಲಿಸುವ ನಲಿಕಲಿ ಶುರುವಾದಾಗ ಅವರು ಅಲ್ಲೇ ಸರ್ಕಾರಿ ಶಾಲೆಯ ಮೇಡಂ. ಪ್ಲೇಸೆಂಟರಿನ ಹಗ್ಗದ ಮೇಲೆ ಒಣಗಲು ಹಾಕಿದ್ದ ಮಕ್ಕಳ ಚಿತ್ರಗಳ ಫೋಟೋ ಕಳಿಸಿದೆ. ತಕ್ಷಣ ಫೋನು ಬಂತು. "ಇದು ನಮ್ಮ ಚಪ್ಪರ ಕಣೇ! ನಾವೂ ಮಕ್ಕಳ ತಲೆ ಮೇಲೆ ದಾರ ಕಟ್ಟಿ ಅವರು ಮಾಡಿದ್ದನ್ನೆಲ್ಲ ತೂಗು ಹಾಕ್ತಿದ್ವಿ." ಆಮೇಲೆ ಅಪ್ಪನಿಗೂ ಫೋನು ಮಾಡಿದರಂತೆ: "ಭಾವ, ಸಾಲಾಗಿ ಕೂರಿಸೋದು ಬಿಟ್ಟು ಸುತ್ತ ಕೂತು ಹಾಡೋಕೆ ಶುರು ಮಾಡಿದ ಮೇಲೆ ಮಕ್ಕಳು ಬಾಯಿ ಬಿಟ್ರು. ನಾನೇ ಕಣ್ಣಾರೆ ಕಂಡಿದೀನಿ."

ನ್ಯೂಜಿಲೆಂಡಿನ ಪುಟ್ಟ ಮಕ್ಕಳ ಪಠ್ಯಕ್ರಮಕ್ಕೆ 'ತೆ ಫಾರಿಕಿ' ಎಂದು ಹೆಸರು. 1996ರಲ್ಲಿ ಬಂತು, 2017ರಲ್ಲಿ ಪರಿಷ್ಕರಣೆಯಾಯಿತು. ಮಾವೊರಿಯಲ್ಲಿ ಫಾರಿಕಿ ಎಂದರೆ ಹೆಣೆದ ಚಾಪೆ. ಮಗುವಿನ ಮನೆಮಾತೂ ಅದರ ಒಂದು ಎಳೆ ಎಂದು ನಮ್ಮ ತರಬೇತಿಯಲ್ಲಿ ಒತ್ತಿ ಹೇಳುತ್ತಾರೆ. ಇಲ್ಲಿ ಪರೀಕ್ಷೆ, ಅಂಕ ಇಲ್ಲ. ಬದಲಿಗೆ ಮಗು ಏನು ಮಾಡಿತು, ಎಲ್ಲಿ ತಡವರಿಸಿತು, ಮತ್ತೆ ಹೇಗೆ ಹಿಡಿಯಿತು ಎನ್ನುವುದನ್ನು ಪುಟ್ಟ ಕಥೆಯಾಗಿ ಬರೆದು ಫೋಟೋ ಅಂಟಿಸುತ್ತೇವೆ. ಈ ಕಲಿಕೆಯ ಕಥೆಗಳ ಕ್ರಮವನ್ನು ರೂಪಿಸಿದವರಲ್ಲಿ ಮುಖ್ಯರು ವೈಕಾಟೊ ವಿಶ್ವವಿದ್ಯಾಲಯದ ಮಾರ್ಗರೆಟ್ ಕಾರ್. ಮೊಳೆಯ ಕಥೆಯನ್ನು ನಾನು ಕನ್ನಡದಲ್ಲೇ ಬರೆದೆ, ಕೆಳಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಬರೆಯಲು ಕೂತಾಗಲೇ ನಾನೆಷ್ಟು ನೋಡಿದ್ದೆ ಎನ್ನುವುದು ನನಗೆ ತಿಳಿದದ್ದು. ಹಿಡಿ ಬದಲಿಸಿದ್ದು, ನಾಲಿಗೆ ಕಚ್ಚಿಕೊಂಡಿದ್ದು, ಪಕ್ಕದ ಹುಡುಗನಿಗೆ ಮೊಳೆ ಕೊಟ್ಟದ್ದು. ಕೈ ಹಾಕಿದ್ದರೆ ಇವೊಂದೂ ಕಾಣುತ್ತಿರಲಿಲ್ಲ.

ಆ ಭಾನುವಾರ ಪುಟವನ್ನು ಫೋನಿನ ಮುಂದೆ ಹಿಡಿದೆ. ಅಪ್ಪ ಕನ್ನಡಕ ಹಾಕಿಕೊಂಡು, ಅಮ್ಮನಿಗೂ ಕೇಳುವ ಹಾಗೆ ಗಟ್ಟಿಯಾಗಿ ಪೂರ್ತಿ ಓದಿದರು. ಮೊಮ್ಮಗಳು ಮೊಳೆ ಹೊಡೆದಿದ್ದ ಹಲಗೆಯ ತುಂಡು ತಂದು ತೋರಿಸಿದಳು.

"ಯಾವ ಮರ ಅದು?"

"ಪೈನ್, ಅಜ್ಜ."

"ಅದು ಮೆತ್ತಗೆ. ನಮ್ಮ ಅಟ್ಟದ ಮೇಲೆ ಹಲಸಿನ ತುಂಡಿದೆ, ತೆಗೆದಿಡ್ತೀನಿ. ಬಂದಾಗ ಅದಕ್ಕೆ ಹೊಡೆಯುವೆಯಂತೆ."

ಈಗ ಅವಳು ಡಿಸೆಂಬರಿಗೆ ಎಷ್ಟು ದಿನ ಉಳಿದಿದೆ ಎಂದು ಎಣಿಸುತ್ತಿದ್ದಾಳೆ.